ಡ್ರಮ್ಮಿಗೆ ಸುತ್ತಿದ ಹೊಳಪು

ಫೆಬ್ರವರಿಯಲ್ಲಿ ನ್ಯಾಮತಿ ತಾಲ್ಲೂಕಿನ ಸೂರಗೊಂಡನಕೊಪ್ಪದಲ್ಲಿ ಸಂತ ಸೇವಾಲಾಲರ ಜಯಂತಿ ನಡೆಯುವಾಗ ಮೊದಲು ಕಣ್ಣಿಗೆ ಬೀಳುವುದು ಹೊಳಪು. ಲಂಬಾಣಿ ಹೆಣ್ಣುಮಕ್ಕಳ ಫೇಟಿಯಾ, ಕಾಂಚಳಿಗಳ ಮೇಲಿನ ಕನ್ನಡಿ ಬಿಲ್ಲೆಗಳು ಹೆಜ್ಜೆ ಹಾಕಿದಂತೆಲ್ಲ ಬಿಸಿಲನ್ನು ಚೂರು ಮಾಡಿ ಎಸೆಯುತ್ತವೆ. ನಗಾರಿ, ಹಲಗೆ, ಡೊಳ್ಳುಗಳ ನಮ್ಮ ಸೀಮೆಯ ಮದುವೆ ಮೆರವಣಿಗೆಗಳಿಗೆ ಬ್ಯಾಂಡ್‌ಸೆಟ್ಟಿನ ಡ್ರಮ್ಮು ಬಂದು ಸೇರಿ ಬಹಳ ಕಾಲವಾಯಿತು. ಅದರ ಮೈಮೇಲೂ ಇಂಥದೇ ಮಿಂಚು. ಬಣ್ಣ ಬಳಿದದ್ದು ಎಂದು ಎಷ್ಟೋ ಜನ ತಿಳಿದಿರುವ ಆ ಮೈ ನಿಜಕ್ಕೂ ಮರದ ಒಡಲಿಗೆ, ಅಂದರೆ ಶೆಲ್ಲಿಗೆ, ಸುತ್ತಿ ಅಂಟಿಸಿದ ಪ್ಲಾಸ್ಟಿಕ್ ಹಾಳೆ. ಡ್ರಮ್ ಮಾಡುವವರು ಅದನ್ನು ರ‍್ಯಾಪ್ ಎನ್ನುತ್ತಾರೆ. ಕೈಕೆಲಸದ ಚರ್ಚೆಯಲ್ಲಿ ಇದರ ಹೆಸರೇ ಬರುವುದಿಲ್ಲ. ಬರಬೇಕಾದಷ್ಟು ಜಾಣ್ಮೆ ಇದರಲ್ಲಿದೆ.

ಹಳೆಯ ಹಾಳೆಗಳ ಮೂಲವಸ್ತು ಸೆಲ್ಯುಲಾಯ್ಡ್. ಹತ್ತಿಯ ನಾರನ್ನು ಆಮ್ಲದಲ್ಲಿ ಹದಗೊಳಿಸಿ, ಅದಕ್ಕೆ ಕರ್ಪೂರ ಬೆರೆಸಿ ಒತ್ತಿದರೆ ಅದು ಸಿದ್ಧ. ಬಿಲಿಯರ್ಡ್ಸ್ ಚೆಂಡಿಗೆ ಆನೆದಂತದ ಬದಲು ಬೇರೇನನ್ನು ಬಳಸಬಹುದೆಂದು ಹುಡುಕುತ್ತಿದ್ದ ಅಮೆರಿಕದ ಜಾನ್ ವೆಸ್ಲಿ ಹಯಟ್ 1870ರ ಹೊತ್ತಿಗೆ ಈ ಪಾಕಕ್ಕೆ ಪೇಟೆಂಟ್ ಪಡೆದ. ಬಾಚಣಿಗೆ, ಪೆನ್ನು, ಅಕಾರ್ಡಿಯನ್‌ಗಳ ಮೈಯಾದ ಈ ವಸ್ತು 1920ರ ದಶಕದಲ್ಲಿ ಡ್ರಮ್ಮಿಗೂ ಬಂತು. ಅಂದಿನ ಹಾಳೆಯನ್ನು ಇಂದು ಉಜ್ಜಿದರೂ ಕರ್ಪೂರದ ವಾಸನೆ ಏಳುತ್ತದೆ. ಕರ್ಪೂರದ ಹಾಗೆಯೇ ಇದಕ್ಕೂ ಬೆಂಕಿ ಬೇಗ ಹತ್ತುತ್ತದೆ. ಮುಂದೆ ಅಸಿಟೇಟ್ ಮತ್ತಿತರ ಪ್ಲಾಸ್ಟಿಕ್‌ಗಳು ಅದರ ಜಾಗ ಹಿಡಿದವು.

ಮುತ್ತಿನ ಹೊಳಪಿನ ಹಾಳೆ ತಯಾರಾಗುತ್ತಿದ್ದ ಬಗೆಯೇ ಸೊಗಸು. ಮೀನಿನ ಹುರುಪೆಯಿಂದ ತೆಗೆದ ಬೆಳ್ಳಿಹೊಳಪಿನ ಸತ್ವವನ್ನು ಮೆತ್ತಗಿನ ಸೆಲ್ಯುಲಾಯ್ಡ್‌ಗೆ ಕಲಸುತ್ತಿದ್ದರು. ಆ ಮುದ್ದೆಯನ್ನು ಮಡಿಸಿ, ತುಂಡರಿಸಿ, ಮತ್ತೆ ಒತ್ತಿ ದಪ್ಪ ದಿಮ್ಮಿ ಮಾಡಿ, ಅಗಲವಾದ ಅಲಗಿನಿಂದ ಪದರ ಪದರವಾಗಿ ಸೀಳುತ್ತಿದ್ದರು. ಹೀಗಾಗಿ ಚಿತ್ತಾರ ಮೇಲೆ ಅಚ್ಚೊತ್ತಿದ್ದಲ್ಲ, ಹಾಳೆಯ ದಪ್ಪದುದ್ದಕ್ಕೂ ಹಾದುಹೋಗಿರುತ್ತದೆ. ಡ್ರಮ್ಮನ್ನು ಸ್ವಲ್ಪ ತಿರುಗಿಸಿದರೂ ಬೆಳಕು ಒಳಗಿನಿಂದ ಹೊರಳಿದಂತೆ ಕಾಣುವುದು ಇದರಿಂದಲೇ. ಸ್ಪಾರ್ಕಲ್ ಹಾಳೆಯ ಕ್ರಮ ಬೇರೆ: ಅಡಿಯಲ್ಲೊಂದು ಹಾಸು, ಅದರ ಮೇಲೆ ಲೋಹದ ಮಿನುಗುಚೂರು, ಎಲ್ಲದರ ಮೇಲೆ ಪಾರದರ್ಶಕ ಪದರ.

1930ರ ದಶಕದಲ್ಲಿ ಅಮೆರಿಕದ ಜಾಝ್ ಡ್ರಮ್ಮರ್ ಜೀನ್ ಕ್ರೂಪಾ ಸ್ಲಿಂಗರ್‌ಲ್ಯಾಂಡ್ ಕಂಪನಿಯ ಬಿಳಿ ಮುತ್ತಿನ ಹಾಳೆಯ ಸೆಟ್ ಇಟ್ಟುಕೊಂಡು ವೇದಿಕೆಯ ಹಿಂಬದಿಯಲ್ಲಿದ್ದ ಡ್ರಮ್ಮರ್‌ನನ್ನು ಎಲ್ಲರ ಕಣ್ಣಿಗೆ ಬೀಳುವಂತೆ ಮಾಡಿದರು. 1963ರಲ್ಲಿ ಲಂಡನ್ನಿನ ಡ್ರಮ್ ಸಿಟಿ ಅಂಗಡಿಯಲ್ಲಿ ಬೀಟಲ್ಸ್‌ನ ರಿಂಗೋ ಸ್ಟಾರ್ ಲಡ್ವಿಗ್ ಸೆಟ್ಟನ್ನು ಆರಿಸಿಕೊಂಡದ್ದು ಕಪ್ಪು ಬಿಳುಪಿನ ‘ಆಯಿಸ್ಟರ್ ಬ್ಲ್ಯಾಕ್ ಪರ್ಲ್’ ಹಾಳೆಗೆ ಮನಸೋತು. 1964ರ ಫೆಬ್ರವರಿ 9ರಂದು ಅಮೆರಿಕದ ಟಿ.ವಿ.ಯಲ್ಲಿ ಅದೇ ಹಾಳೆಯ ಸೆಟ್ಟನ್ನು ಸುಮಾರು 7.3 ಕೋಟಿ ಜನ ನೋಡಿದರು. ಆಮೇಲೆ ಷಿಕಾಗೋದ ಲಡ್ವಿಗ್ ಕಾರ್ಖಾನೆ ಹಗಲೂ ರಾತ್ರಿ ನಡೆಯಬೇಕಾಯಿತು.

ಇನ್ನು ಸುತ್ತುವ ಕೆಲಸಕ್ಕೆ ಬರೋಣ. ಮೊದಲು ಶೆಲ್ಲಿನ ಮೇಲಿನ ಲಗ್ (ಬಿಗಿಯುವ ತಿರುಪು ಕೂರುವ ಲೋಹದ ತುಂಡು), ತಿರುಪು, ಕಂಪನಿಯ ಬಿಲ್ಲೆ ಎಲ್ಲವನ್ನೂ ಬಿಚ್ಚಿ, ಮರವನ್ನು ಮರಳು ಕಾಗದದಿಂದ ಉಜ್ಜಿ ನಯ ಮಾಡುತ್ತಾರೆ. ಕೆಳಗೊಂದು ಕಾಳಿನಷ್ಟು ಅಂಟು ಗಟ್ಟಿಯಾಗಿ ಉಳಿದಿದ್ದರೂ ಹಾಳೆಯ ಮೇಲೆ ಗುಳ್ಳೆಯಾಗಿ ಎದ್ದು ಕಾಣುತ್ತದೆ. 22 ಇಂಚು ವ್ಯಾಸದ ಬೇಸ್ ಡ್ರಮ್ಮಿನ ಸುತ್ತಳತೆ ಸುಮಾರು 69 ಇಂಚು. ಒಂದರ ಮೇಲೊಂದು ಕೂರುವ ಜೋಡಣೆಗೆ ಇನ್ನೊಂದು ಇಂಚು ಬಿಟ್ಟು ಹಾಳೆ ಕತ್ತರಿಸಬೇಕು. ಬಾಗಿದ ಅಂಚಿಗೆ ಸನ್ಮೈಕಾ ಕೂರಿಸುವಾಗ ನಮ್ಮ ಬಡಗಿಗಳು ಬಳಸುವ ರಬ್ಬರ್ ಅಂಟಿನ ಜಾತಿಯದೇ ಇಲ್ಲಿಯೂ ನಡೆಯುತ್ತದೆ. ಮರಕ್ಕೂ ಹಾಳೆಗೂ ಬಳಿದು, ಬೆರಳಿಗೆ ಹತ್ತದಷ್ಟು ಒಣಗಲು ಬಿಡುತ್ತಾರೆ. ಆಮೇಲೆ ಎರಡೂ ಮುಟ್ಟಿದವೆಂದರೆ ಮುಗಿಯಿತು, ಬಿಡಿಸಿ ಮತ್ತೆ ಕೂರಿಸುವ ಮಾತಿಲ್ಲ. ಅದಕ್ಕೇ ನಡುವೆ ತೆಳು ಕಡ್ಡಿಗಳನ್ನಿಟ್ಟು, ಅಂಚು ನೇರವಿದೆಯೇ ನೋಡಿ, ಒಂದೊಂದೇ ಕಡ್ಡಿ ಎಳೆಯುತ್ತ, ಶೆಲ್ಲನ್ನು ಉರುಳಿಸುತ್ತ, ರೋಲರಿನಿಂದ ಒತ್ತುತ್ತ ಹೋಗುತ್ತಾರೆ. ಶುರುವಿನಲ್ಲಿ ಕೂದಲೆಳೆಯಷ್ಟು ಓರೆಯಾದರೂ ಸುತ್ತು ಮುಗಿಯುವಾಗ ಅದು ಕಣ್ಣಿಗೆ ಹೊಡೆಯುವಷ್ಟು ಬೆಳೆದಿರುತ್ತದೆ.

ಕೆಲಸಗಾರನ ಕೈ ಗೊತ್ತಾಗುವುದು ಎರಡು ಕಡೆ. ಒಂದು, ಜೋಡಣೆ. ಅಲ್ಲಿ ಹಾಳೆ ಇಮ್ಮಡಿ ದಪ್ಪವಾಗುವುದರಿಂದ ಒಳ್ಳೆಯ ಕೆಲಸಗಾರರು ಎರಡೂ ತುದಿಗಳನ್ನು ಇಳಿಜಾರಾಗಿ ತೆಳು ಮಾಡಿ, ಮೇಲೊಂದು ಮರದ ಪಟ್ಟಿ ಇಟ್ಟು ಬಿಗಿದು ಒಣಗಿಸುತ್ತಾರೆ. ಆ ಜೋಡಣೆಯನ್ನು ಲಗ್ಗುಗಳ ಸಾಲಿನ ಕೆಳಗೆ ಅಡಗಿಸುತ್ತಾರೆ. ಬೇಸ್ ಡ್ರಮ್ಮಿನಲ್ಲಾದರೆ ನೆಲದ ಕಡೆಗೆ. ಎರಡನೆಯದು, ಹೆಡ್, ಅಂದರೆ ಬಡಿಯುವ ಹೊದಿಕೆ, ಕೂರುವ ಅಂಚು. ಹಾಳೆ ಆ ಅಂಚಿಗಿಂತ ಎರಡು ಮೂರು ಮಿಲಿಮೀಟರ್ ಕೆಳಗೇ ನಿಲ್ಲಬೇಕು. ಮೇಲೆ ಹತ್ತಿದರೆ ಹೆಡ್ ಸಲೀಸಾಗಿ ಕೂರದೆ ಒಂದು ಕಡೆ ಬಿಗಿ, ಇನ್ನೊಂದು ಕಡೆ ಸಡಿಲವಾಗಿ ಶ್ರುತಿ ಕೆಡುತ್ತದೆ. ಬೇಸ್ ಡ್ರಮ್ಮಿನ ಮರದ ಬಳೆಗೂ ಅದೇ ಹಾಳೆಯ ಸಣ್ಣ ಪಟ್ಟಿ ಕೂರಿಸುವ ರೂಢಿಯಿದೆ. ನನ್ನ ಕಣ್ಣಿಗೆ ಇಡೀ ಸೆಟ್ಟಿಗೆ ಕಳೆ ಬರುವುದು ಆ ಪಟ್ಟಿಯಿಂದ.

ಹಾಳೆ ಸುತ್ತಿದರೆ ನಾದ ಉಸಿರುಗಟ್ಟುತ್ತದೆ ಎಂಬ ದೂರು ಹಳೆಯದು. ಪೂರ್ತಿ ಅಂಟಿ ಕೂತ ಹಾಳೆಯಿಂದ ಕಿವಿಗೆ ತಿಳಿಯುವಷ್ಟು ವ್ಯತ್ಯಾಸವಾಗುತ್ತದೆಂದು ನಾನು ಒಪ್ಪುವುದಿಲ್ಲ. ನಾದವನ್ನು ತೀರ್ಮಾನಿಸುವುದು ಹೆಡ್, ಅದು ಕೂರುವ ಅಂಚು, ಬಿಗಿತ. ಅರೆಬರೆ ಅಂಟಿದ ಹಾಳೆ ಮಾತ್ರ ಗುಂಯ್‌ಗುಡುತ್ತದೆ. ಅದು ಹಾಳೆಯ ತಪ್ಪಲ್ಲ, ಅಂಟಿಸಿದವರದು.

ಹಳೆಯ ಸೆಟ್ಟುಗಳ ನಿಜವಾದ ಚೆಲುವು ಅವು ಮಾಗುವ ರೀತಿಯಲ್ಲಿದೆ. ಬಿಸಿಲಿಗೆ, ಹೊಗೆಗೆ ಹಾಳೆ ಹಳದಿಗಟ್ಟುತ್ತದೆ. ಆಗ ಬಿಳಿ ಮುತ್ತು ಕೆನೆಯ ಬಣ್ಣಕ್ಕೆ ತಿರುಗುತ್ತದೆ, ಬೆಳ್ಳಿಯ ಮಿನುಗು ಹೊನ್ನಿನ ಕಡೆಗೆ ವಾಲುತ್ತದೆ, ನೀಲಿ ಮಿನುಗು ಹಳದಿಯೊಂದಿಗೆ ಬೆರೆತು ಹಸಿರಾಗಿ ಕಾಣುತ್ತದೆ. ಲಗ್ ಬಿಚ್ಚಿದರೆ ಅದರಡಿಯಲ್ಲಿ ಬೆಳಕು ಕಾಣದ ತುಣುಕೊಂದು ಕಾರ್ಖಾನೆ ಬಿಟ್ಟ ದಿನದ ಬಣ್ಣದಲ್ಲೇ ಉಳಿದಿರುತ್ತದೆ. ಸೆಲ್ಯುಲಾಯ್ಡ್‌ನ ಕರ್ಪೂರ ವರ್ಷಗಳು ಕಳೆದಂತೆ ಆರಿಹೋಗುವುದರಿಂದ ಹಾಳೆ ಕುಗ್ಗುತ್ತದೆ, ಜೋಡಣೆ ಬಾಯಿ ಬಿಡುತ್ತದೆ, ತಿರುಪಿನ ತೂತಿನ ಸುತ್ತ ಬಿರುಕು ಬರುತ್ತದೆ. ಮಳೆಗಾಲದಲ್ಲಿ ಮರ ಹಿಗ್ಗುವ, ಬೇಸಿಗೆಯಲ್ಲಿ ಕುಗ್ಗುವ ನಮ್ಮ ಹವೆ ಅದನ್ನು ಇನ್ನಷ್ಟು ಎಳೆದಾಡುತ್ತದೆ.

ನಮ್ಮ ದೇಶದ ಬ್ಯಾಂಡ್ ವಾದ್ಯಗಳ ದೊಡ್ಡ ನೆಲೆ ಉತ್ತರ ಪ್ರದೇಶದ ಮೀರತ್‌ನ ಜಲಿ ಕೋಠಿ. ಹೊಸ ಡ್ರಮ್ಮು ಸಿಗುವುದು ಕಷ್ಟವಲ್ಲ. ಹಳೆಯ ಹಾಳೆಯನ್ನು ಮಾತ್ರ ಮತ್ತೆ ತರಲಾಗದು. ಹಾಗಾಗಿ ಆರ್ಕೆಸ್ಟ್ರಾದವರ ಗೋದಾಮಿನಲ್ಲೋ ಚರ್ಚಿನ ಅಟ್ಟದಲ್ಲೋ ಮಾಸಿದ ಸೆಟ್ ಕಂಡರೆ ಹಾಳೆಯನ್ನು ಕಿತ್ತು ಹೊಸ ಬಣ್ಣ ಬಳಿಯಬೇಡಿ. ಥಿನ್ನರ್ ಹಚ್ಚಬೇಡಿ, ಹಾಳೆಯೇ ಕರಗೀತು. ಒದ್ದೆ ಮಾಡಿ ಹಿಂಡಿದ ಮೆತ್ತನೆ ಬಟ್ಟೆಯಲ್ಲಿ ಒರೆಸಿ ನೆರಳಿನಲ್ಲಿಡಿ. ಬಾಯಿಬಿಟ್ಟ ಜೋಡಣೆಯಷ್ಟನ್ನೇ ತಿಳಿದವರಿಂದ ಅಂಟಿಸಿ. ಕಂಪನಿಯ ಬಿಲ್ಲೆಯನ್ನು ಕೀಳಬೇಡಿ, ಡ್ರಮ್ಮಿನ ವಯಸ್ಸು ತಿಳಿಯಲು ಅದೊಂದು ಆಧಾರ. ಕರ್ಪೂರದ ವಾಸನೆ ಬರುವ ಹಾಳೆಯ ಹತ್ತಿರ ಬೀಡಿ, ದೀಪ, ಹೀಟ್ ಗನ್ ಯಾವುದನ್ನೂ ತರಬೇಡಿ.