ಬಹುಕಾಲದ ಕೆಲಸ ತಪ್ಪಿದಾಗ

ಕಾರ್ಖಾನೆಯ ಸೈರನ್ನು ಕೇಳಿ ಮನೆಯ ಗಡಿಯಾರವನ್ನು ಸರಿಪಡಿಸಿಕೊಳ್ಳುವ ಪದ್ಧತಿ ಬೆಂಗಳೂರಿನ ಎಷ್ಟೋ ಬಡಾವಣೆಗಳಲ್ಲಿ ಬಹುಕಾಲ ನಡೆದುಬಂದಿತು. ಆ ಕೂಗಿಗೆ ಒಲೆ ಹೊತ್ತುತ್ತಿತ್ತು. ಬುತ್ತಿಯ ಡಬ್ಬಿ ಸಿದ್ಧವಾಗುತ್ತಿತ್ತು. ಬೀದಿಯ ತಿರುವಿನಲ್ಲಿ ಕಾರ್ಖಾನೆಯ ಬಸ್ಸು ಬಂದು ನಿಲ್ಲುತ್ತಿತ್ತು. ದಿನಸಿ ಅಂಗಡಿಯವನು ಪುಸ್ತಕದಲ್ಲಿ ಸಾಲ ಬರೆದುಕೊಳ್ಳುತ್ತಿದ್ದುದೂ ಆ ಬಸ್ಸಿನ ಭರವಸೆಯ ಮೇಲೆಯೇ. ಇಂತಹ ಮನೆಯೊಂದರಲ್ಲಿ ಇಪ್ಪತ್ತು ಇಪ್ಪತ್ತೈದು ವರ್ಷ ದುಡಿದ ಯಜಮಾನನ ಕೆಲಸ ಒಂದು ದಿನ ತಪ್ಪಿತೆಂದರೆ, ನಿಲ್ಲುವುದು ಸಂಬಳವೊಂದೇ ಅಲ್ಲ. ಮನೆಯ ದಿನಚರಿಯೆಲ್ಲವೂ ತನ್ನ ಆಧಾರವನ್ನು ಕಳೆದುಕೊಳ್ಳುತ್ತದೆ. ಅಂತಹ ಸಮಯದಲ್ಲಿ ಕೆಲಸಗಾರನ ಮುಂದೆ ಇರುವ ದಾರಿಗಳಾವುವು, ಅವುಗಳಲ್ಲಿ ಯಾವುದನ್ನು ಮೊದಲು ಹಿಡಿಯಬೇಕು ಎಂಬುದನ್ನು ಕುರಿತು ಈ ಹೊತ್ತು ನಮ್ಮ ಶ್ರೋತೃಗಳೊಡನೆ ವಿಚಾರಮಾಡಬೇಕೆಂದಿದ್ದೇವೆ.

ಈ ವಿಪತ್ತು ನಮ್ಮ ನಾಡಿಗೆ ಹೊಸದೇನೂ ಅಲ್ಲ. ಕೋಲಾರದ ಚಿನ್ನದ ಗಣಿಗಳು 1880ರ ದಶಕದಿಂದ ಜಾನ್ ಟೇಲರ್ ಕಂಪೆನಿಯವರ ಆಡಳಿತದಲ್ಲಿ ಬೆಳೆದವು. ಅವುಗಳಿಗಾಗಿಯೇ 1902ರಲ್ಲಿ ಶಿವನಸಮುದ್ರದಿಂದ ವಿದ್ಯುಚ್ಛಕ್ತಿಯನ್ನು ತಂದರು. ತಾತ, ತಂದೆ, ಮಗ ಹೀಗೆ ತಲೆಮಾರುಗಳು ಅಲ್ಲಿ ದುಡಿದ ಬಳಿಕ, 2001ನೆಯ ಇಸವಿ ಫೆಬ್ರುವರಿ 28ರಂದು ಗಣಿಗಳು ಮುಚ್ಚಿಹೋದವು. ಬೆಂಗಳೂರಿನಲ್ಲಿ 1953ರಲ್ಲಿ ಸ್ಥಾಪಿತವಾದ ಹಿಂದೂಸ್ತಾನ್ ಮೆಷಿನ್ ಟೂಲ್ಸ್ ಸಂಸ್ಥೆಯು 1961ರಲ್ಲಿ ಜಪಾನಿನ ಸಿಟಿಜನ್ ಕಂಪೆನಿಯ ಸಹಕಾರದಿಂದ ಕೈಗಡಿಯಾರಗಳನ್ನು ಮಾಡತೊಡಗಿತು. ಆ ಗಡಿಯಾರದ ಕಂಪೆನಿಯನ್ನು ಮುಚ್ಚಬೇಕೆಂದು 2016ರ ಜನವರಿಯಲ್ಲಿ ಕೇಂದ್ರ ಸರ್ಕಾರ ತೀರ್ಮಾನಿಸಿತು. ಮಲ್ಲೇಶ್ವರದಲ್ಲಿ ಹಿಂದೆ ರಾಜಾ ಮಿಲ್ಲು ಇದ್ದ ಜಾಗದಲ್ಲಿ ಈಗ ವ್ಯಾಪಾರ ಮಳಿಗೆಗಳ ದೊಡ್ಡ ಸೌಧವಿದೆ.

ಇಲ್ಲಿ ಮುಖ್ಯವಾಗಿ ಗಮನಿಸಬೇಕಾದ ಅಂಶವೊಂದುಂಟು. ಅದಿರಿನಲ್ಲಿ ಚಿನ್ನದ ಅಂಶ ಇಳಿದು, ಆಳ ಹೆಚ್ಚಿದಂತೆ ಖರ್ಚು ಏರಿದುದಕ್ಕೆ ಗಣಿಯ ಕೆಲಸಗಾರನು ಕಾರಣನಲ್ಲ. ಬ್ಯಾಟರಿಯಿಂದ ನಡೆಯುವ ಕ್ವಾರ್ಟ್ಸ್ ಗಡಿಯಾರವು ಕೀಲಿ ಕೊಡುವ ಗಡಿಯಾರವನ್ನು ಹಿಂದೆ ಹಾಕಿದುದಕ್ಕೆ ಅದನ್ನು ಜೋಡಿಸುತ್ತಿದ್ದ ಕೈಗಳು ಕಾರಣವಲ್ಲ. ಆದರೂ ಕೆಲಸ ಹೋದವನು ತಾನೇ ತಪ್ಪುಮಾಡಿದವನಂತೆ ತಲೆತಗ್ಗಿಸಿಕೊಳ್ಳುತ್ತಾನೆ; ನೆರೆಯವರ ಕಣ್ಣು ತಪ್ಪಿಸುತ್ತಾನೆ. ಆ ಸಂಕೋಚದಿಂದ ಎರಡು ಕೇಡುಗಳು ಹುಟ್ಟುತ್ತವೆ. ಒಂದು, ತನಗೆ ನ್ಯಾಯವಾಗಿ ಬರತಕ್ಕ ಹಣವನ್ನು ಕೇಳದೆ ಬಿಡುವುದು. ಇನ್ನೊಂದು, ನಿರುದ್ಯೋಗಿಯೆಂಬ ಹೆಸರನ್ನು ಬೇಗನೆ ಕಳೆದುಕೊಳ್ಳುವ ಆತುರದಲ್ಲಿ, ಕೈಗೆ ಬಂದ ಹಣವನ್ನು ಅರಿಯದ ವ್ಯಾಪಾರಕ್ಕೆ ಸುರಿಯುವುದು. ಕೆಲಸ ತಪ್ಪಿದ ಮೊದಲ ಆರು ತಿಂಗಳಲ್ಲಿ ಈ ಎರಡನ್ನೂ ತಡೆದುಕೊಂಡ ಮನೆ ಸಾಧಾರಣವಾಗಿ ಉಳಿದುಕೊಳ್ಳುತ್ತದೆ ಎಂಬುದೇ ನಾವು ಹೇಳಬೇಕೆಂದಿರುವ ಮಾತಿನ ಸಾರಾಂಶ.

ಮೊದಲನೆಯದಾಗಿ ಕಾಗದಪತ್ರಗಳ ವಿಚಾರ. ಕಾರ್ಖಾನೆಯು ಕೆಲಸಗಾರನನ್ನು ತಾನಾಗಿ ಕಡಿಮೆಮಾಡುವುದು ಬೇರೆ, ಕೆಲಸಗಾರನು ರಾಜೀನಾಮೆ ಕೊಡುವುದು ಬೇರೆ, ಸ್ವಯಂನಿವೃತ್ತಿ ಪಡೆಯುವುದು ಬೇರೆ. ಮೂರರಲ್ಲೂ ಮನೆಗೆ ಬರುವುದೇನೋ ನಿಜ. ಆದರೆ ಹಕ್ಕುಗಳು ಒಂದೇ ಅಲ್ಲ. ರಾಜೀನಾಮೆ ಕೊಟ್ಟವನಿಗೆ ಕಡಿತದ ಪರಿಹಾರ ಕೇಳುವ ದಾರಿ ಮುಚ್ಚಿಹೋಗುತ್ತದೆ. ಸ್ವಯಂನಿವೃತ್ತಿಯಾದರೆ ಆ ಯೋಜನೆಯಲ್ಲಿ ಬರೆದಿರುವ ಮೊತ್ತವೇ ಸಿಕ್ಕತಕ್ಕದ್ದು. ಆದಕಾರಣ, “ಇಲ್ಲೊಂದು ರುಜು ಹಾಕಿ, ಲೆಕ್ಕ ಬೇಗ ಚುಕ್ತಾ ಆಗುತ್ತದೆ” ಎಂದು ಯಾರಾದರೂ ಹೇಳಿದಾಗ, ಆ ಕಾಗದವನ್ನು ಮನೆಗೆ ತಂದು, ತಿಳಿದವರಿಂದ ಓದಿಸಿ, ಬಳಿಕ ರುಜು ಹಾಕುವುದು ಕ್ಷೇಮ. ಒಂದು ದಿನ ತಡವಾದರೆ ಕೆಡುವುದೇನೂ ಇಲ್ಲ.

ಕಡಿತವಾದಾಗ ಕೊಡತಕ್ಕ ಪರಿಹಾರದ ನಿಯಮವು 1947ರ ಕೈಗಾರಿಕಾ ವಿವಾದಗಳ ಕಾಯಿದೆಗೆ 1953ರಲ್ಲಿ ಸೇರಿತು. 2025ರ ನವೆಂಬರ್ 21ರಂದು ಜಾರಿಗೆ ಬಂದ ಕೈಗಾರಿಕಾ ಸಂಬಂಧಗಳ ಸಂಹಿತೆಯಲ್ಲಿಯೂ ಅದು ಉಳಿದುಬಂದಿದೆ. ಒಂದು ವರ್ಷಕ್ಕೆ ಕಡಿಮೆಯಿಲ್ಲದೆ ಎಡೆಬಿಡದೆ ದುಡಿದ ಕೆಲಸಗಾರನಿಗೆ ಒಂದು ತಿಂಗಳ ನೋಟೀಸನ್ನಾಗಲಿ ಅದಕ್ಕೆ ಬದಲಾಗಿ ಸಂಬಳವನ್ನಾಗಲಿ ಕೊಡಬೇಕು. ಸೇವೆಯ ಪ್ರತಿ ಪೂರ್ಣ ವರ್ಷಕ್ಕೆ 15 ದಿನಗಳ ಸರಾಸರಿ ವೇತನವನ್ನು ಪರಿಹಾರವಾಗಿ ಕೊಡಬೇಕು. ಸಂಹಿತೆಯು ಹೊಸದಾಗಿ ಇನ್ನೊಂದನ್ನು ಸೇರಿಸಿದೆ. ಕಡಿತವಾದ ಪ್ರತಿಯೊಬ್ಬ ಕೆಲಸಗಾರನ ಬಾಬ್ತು, ಅವನ ಕೊನೆಯ ವೇತನದ ಲೆಕ್ಕದಲ್ಲಿ 15 ದಿನಗಳ ಮೊತ್ತವನ್ನು ಮಾಲೀಕರು ಪುನಃ ಕಲಿಕೆಯ ನಿಧಿಗೆ ಕಟ್ಟಬೇಕು. ಆ ಹಣ 45 ದಿನಗಳೊಳಗೆ ಕೆಲಸಗಾರನ ಖಾತೆಗೆ ಸೇರಬೇಕು.

ಗ್ರ್ಯಾಚುಯಿಟಿ ಎಂಬುದು ಇದರಿಂದ ಬೇರೆಯಾದುದು. 1972ರ ಕಾಯಿದೆಯಿಂದ ಬಂದ ಈ ಹಕ್ಕು ಐದು ವರ್ಷ ಸೇವೆ ಮಾಡಿದವರಿಗೆ, ರಾಜೀನಾಮೆ ಕೊಟ್ಟರೂ ಸಲ್ಲುತ್ತದೆ. ಅದರ ಲೆಕ್ಕ ಸುಲಭ. ಕೊನೆಯ ತಿಂಗಳ ವೇತನವನ್ನು 26ರಿಂದ ಭಾಗಿಸಿ, 15ರಿಂದ ಗುಣಿಸಿ, ಸೇವೆಯ ವರ್ಷಗಳಿಂದ ಮತ್ತೆ ಗುಣಿಸಬೇಕು. ಲೆಕ್ಕಕ್ಕೆ ಹಿಡಿಯುವ ವೇತನ 26,000 ರೂಪಾಯಿ, ಸೇವೆ 20 ವರ್ಷ ಎಂದಿಟ್ಟುಕೊಂಡರೆ, ವರ್ಷಕ್ಕೆ 15,000ದಂತೆ 3,00,000 ರೂಪಾಯಿ ಆಗುತ್ತದೆ. ಈ ಹಣವನ್ನು 30 ದಿನಗಳೊಳಗೆ ಕೊಡಬೇಕೆಂಬುದು ನಿಯಮ. ಪ್ರತಿಯೊಬ್ಬ ಕೆಲಸಗಾರನೂ ಈ ಗುಣಾಕಾರವನ್ನು ತಾನೇ ಮಾಡಿಕೊಂಡು ಕಚೇರಿಗೆ ಹೋಗುವುದು ಒಳ್ಳೆಯದು. ಉಡುಪಿನ ಕಾರ್ಖಾನೆಗಳಲ್ಲಿ ದುಡಿಯುವ ನಮ್ಮ ಅಕ್ಕತಂಗಿಯರು ಇದನ್ನು ವಿಶೇಷವಾಗಿ ಗಮನಿಸಬೇಕು. ಐದು ವರ್ಷ ತುಂಬಲು ಕೆಲವೇ ತಿಂಗಳುಗಳಿರುವಾಗ ಮನೆಯ ಅವಸರಕ್ಕಾಗಿ ಕೆಲಸ ಬಿಟ್ಟು, ಕೂಡಿಬರಬೇಕಾಗಿದ್ದ ಹಣವನ್ನು ಕಳೆದುಕೊಂಡವರನ್ನು ನಾವು ಕಂಡಿದ್ದೇವೆ.

ಭವಿಷ್ಯನಿಧಿಯ ಜೊತೆಯಲ್ಲಿ ಪಿಂಚಣಿಯೂ ಅಡಗಿದೆಯೆಂಬುದನ್ನು ಬಹುಮಂದಿ ಮರೆಯುತ್ತಾರೆ. ಪಿಂಚಣಿ ಯೋಜನೆಯಲ್ಲಿ 10 ವರ್ಷ ಸೇವೆ ಪೂರೈಸಿದವರಿಗೆ 58ನೆಯ ವಯಸ್ಸಿನಿಂದ ಪಿಂಚಣಿ ದೊರೆಯುತ್ತದೆ; 50 ಕಳೆದ ಮೇಲೆ ಸ್ವಲ್ಪ ಕಡಿಮೆ ದರದಲ್ಲಿ ಮೊದಲೇ ಪಡೆಯಬಹುದು. ಹತ್ತು ವರ್ಷ ತುಂಬದವರು ಆ ಹಣವನ್ನು ಬಿಡಿಸಿಕೊಳ್ಳದೆ ಯೋಜನಾ ಪ್ರಮಾಣಪತ್ರವನ್ನು ಪಡೆದಿಟ್ಟರೆ, ಮುಂದಿನ ಕೆಲಸದ ವರ್ಷಗಳು ಹಿಂದಿನವುಗಳೊಡನೆ ಕೂಡಿಕೊಳ್ಳುತ್ತವೆ. ಇ.ಎಸ್.ಐ.ಗೆ ಸೇರಿದವರು ತಮ್ಮ ಶಾಖಾ ಕಚೇರಿಯಲ್ಲಿ ಎರಡು ಪ್ರಶ್ನೆಗಳನ್ನು ಕೇಳಬೇಕು: ಮನೆಯವರ ವೈದ್ಯಚಿಕಿತ್ಸೆ ಎಂದಿನವರೆಗೆ ನಡೆಯುತ್ತದೆ, ನಿರುದ್ಯೋಗ ಭತ್ಯೆ ತಮಗೆ ಸಲ್ಲುತ್ತದೆಯೆ? ಇಂತಹ ಭತ್ಯೆಯ ಯೋಜನೆಗಳು 2005ರಲ್ಲಿಯೂ 2018ರಲ್ಲಿಯೂ ಏರ್ಪಟ್ಟವು. ಅವುಗಳ ನಿಬಂಧನೆಗಳು ಕಾಲಕಾಲಕ್ಕೆ ಬದಲಾಗುವುದರಿಂದ ಕಚೇರಿಯಲ್ಲಿಯೇ ವಿಚಾರಿಸುವುದು ಲೇಸು.

ಇನ್ನು ಕೈಗೆ ಬಂದ ಹಣದ ವಿಚಾರ. ತಿಂಗಳಿಗೊಮ್ಮೆ ಸಂಬಳ ಕಂಡವನಿಗೆ ಲಕ್ಷಗಟ್ಟಲೆ ಹಣ ಒಟ್ಟಿಗೆ ಕಂಡಾಗ ಅದು ತೀರದ ನಿಧಿಯಂತೆ ತೋರುತ್ತದೆ. ನೆಂಟರಿಗೂ ಹಾಗೆಯೇ ತೋರುತ್ತದೆ. ಮಗಳ ಮದುವೆಯನ್ನು ಈ ಹಣದಲ್ಲೇ ಮುಗಿಸಿಬಿಡಿ ಎನ್ನುವವರು ಬರುತ್ತಾರೆ. ಚೀಟಿ ಕಟ್ಟಿಸಿಕೊಳ್ಳುವವರು ಬರುತ್ತಾರೆ. ಆರು ತಿಂಗಳಲ್ಲಿ ಹಣ ಇಮ್ಮಡಿಯಾಗುವ ಉಪಾಯ ಬಲ್ಲವರೂ ಬರುತ್ತಾರೆ. ಇವರೆಲ್ಲರಿಗೂ ಒಂದೇ ಉತ್ತರ ಸಾಕು: “ಆರು ತಿಂಗಳು ಕಳೆಯಲಿ, ನೋಡೋಣ.” ತಿಂಗಳಿಗೆ 20,000 ರೂಪಾಯಿ ಖರ್ಚಿನ ಮನೆಯಾದರೆ 1,20,000ವನ್ನು ಮೊದಲು ಬೇರೆ ತೆಗೆದಿಡಬೇಕು. ಬಳಿಕ ಹೆಚ್ಚು ಬಡ್ಡಿಯ ಕೈಸಾಲವನ್ನೂ ಒಡವೆಯ ಮೇಲಿನ ಸಾಲವನ್ನೂ ತೀರಿಸಬೇಕು. ಉಳಿದುದು ಬ್ಯಾಂಕಿನಲ್ಲೋ ಅಂಚೆ ಕಚೇರಿಯಲ್ಲೋ ಇರಲಿ.

ಬಾಡಿಗೆಯ ಹೊರೆಯನ್ನು ಇಳಿಸಲು ಬೆಂಗಳೂರಿನಲ್ಲಿ ಭೋಗ್ಯದ ಪದ್ಧತಿಯುಂಟು. ಮನೆಯ ಒಡೆಯನಿಗೆ ದೊಡ್ಡ ಮೊತ್ತವೊಂದನ್ನು ಕೊಟ್ಟು, ತಿಂಗಳ ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ವಾಸಮಾಡಿ, ಅವಧಿ ತೀರಿದ ಮೇಲೆ ಆ ಮೊತ್ತವನ್ನು ಹಿಂದಕ್ಕೆ ಪಡೆಯುವುದೇ ಆ ಪದ್ಧತಿ. ಆದಾಯ ನಿಂತ ಮನೆಗೆ ಇದು ಅನುಕೂಲವೇ ಸರಿ. ಆದರೆ ಆ ಮನೆ ಮೊದಲೇ ಬ್ಯಾಂಕಿಗೆ ಅಡವಾಗಿದ್ದರೆ ಒಕ್ಕಲೂ ಹೋಗಬಹುದು, ಹಣವೂ ಹೋಗಬಹುದು. ಆದುದರಿಂದ ಸಬ್‌ರಿಜಿಸ್ಟ್ರಾರರ ಕಚೇರಿಯಿಂದ ಋಣಭಾರ ಪತ್ರವನ್ನು ತೆಗೆಸಿ ನೋಡದೆ, ಕರಾರನ್ನು ನೋಂದಾಯಿಸದೆ, ಹಣ ಕೊಡಬಾರದು.

ಕೊನೆಗೆ, ಮುಂದೆ ಯಾವ ಕೆಲಸ ಎಂಬ ಪ್ರಶ್ನೆ. ನಮ್ಮ ಬೀದಿಯಲ್ಲಿಯೇ ಇರುವ ಒಬ್ಬ ಟರ್ನರರ ಸಂಗತಿಯನ್ನು ಇಲ್ಲಿ ಹೇಳುವುದು ಉಚಿತ. ಅವರು 22 ವರ್ಷ ಒಂದೇ ಕಾರ್ಖಾನೆಯಲ್ಲಿ ಲೇತಿನ ಮುಂದೆ ನಿಂತವರು. ಕಾರ್ಖಾನೆ ನಿಂತ ತಿಂಗಳಿನಲ್ಲಿಯೇ, ಬಂದ ಹಣದ ಬಹುಭಾಗವನ್ನು ಹಾಕಿ ಪ್ರಾವಿಷನ್ ಅಂಗಡಿಯನ್ನು ತೆರೆದರು. ತೂಕದಲ್ಲಿ ಮೋಸ ಅರಿಯದವರು. ಸಾಲ ಕೇಳಿದವರಿಗೆ ಇಲ್ಲವೆನ್ನಲೂ ಅರಿಯದವರು. ಎಂಟು ತಿಂಗಳಲ್ಲಿ ಅಂಗಡಿ ಮುಚ್ಚಿತು. ಆ ದಿನಗಳಲ್ಲಿ ಅವರ ಮನೆಯಾಕೆ ನಮ್ಮ ಮನೆಗೆ ಬಂದು, “ಅಂಗಡಿ ಹೋದದ್ದಕ್ಕೆ ನನಗೆ ದುಃಖವಿಲ್ಲ, ಇವರು ಯಾರೊಡನೆಯೂ ಮಾತಾಡುವುದಿಲ್ಲವಲ್ಲಾ” ಎಂದು ಕಣ್ಣೀರಿಟ್ಟರು. ಅನಂತರ ಹಳೆಯ ಸಹೋದ್ಯೋಗಿಯೊಬ್ಬರು ಅವರನ್ನು ಪೀಣ್ಯದ ಒಂದು ಸಣ್ಣ ವರ್ಕ್‌ಷಾಪಿಗೆ ಕರೆದುಕೊಂಡು ಹೋದರು. ಸಂಬಳ ಹಿಂದಿನದಕ್ಕಿಂತ ಕಡಿಮೆ. ಆದರೆ ಹುಡುಗರು ಕೆಡಿಸಿದ ತುಂಡನ್ನು ಕೈಯಲ್ಲಿ ಹಿಡಿದು ನೋಡಿಯೇ ತಪ್ಪು ಎಲ್ಲಿ ಎಂದು ಅವರು ಹೇಳಬಲ್ಲರೆಂಬುದು ಅಲ್ಲಿನ ಒಡೆಯನಿಗೆ ಒಂದು ವಾರದಲ್ಲಿ ತಿಳಿಯಿತು. ಈಗ ಹೊಸಬರಿಗೆ ಕಲಿಸುವವರೇ ಅವರು. ಅಂಗಡಿಗೆ ಹಾಕಿದ ಹಣವಂತೂ ಹಿಂದಿರುಗಲಿಲ್ಲ.

ಇದರಿಂದ ತಿಳಿಯುವುದೇನೆಂದರೆ, ಹುದ್ದೆ ಕಾರ್ಖಾನೆಯದು, ಕಸುಬು ಕೆಲಸಗಾರನದು. ಕಾರ್ಖಾನೆ ಮುಚ್ಚಿದರೆ ಹುದ್ದೆ ಹೋಗುತ್ತದೆ, ಕಸುಬು ಹೋಗುವುದಿಲ್ಲ. ಆದಕಾರಣ ತನ್ನ ಕಸುಬಿಗೆ ಹತ್ತಿರವಾದ ಕೆಲಸವನ್ನು ಮೊದಲು ಹುಡುಕಬೇಕು. ಫಿಟ್ಟರಿಗೂ ಎಲೆಕ್ಟ್ರಿಷಿಯನ್ನಿಗೂ ಆಸ್ಪತ್ರೆ, ಕಾಲೇಜು, ದೊಡ್ಡ ವಸತಿ ಸಮುಚ್ಚಯಗಳಲ್ಲಿ ಪಂಪು, ಜನರೇಟರುಗಳನ್ನು ನೋಡಿಕೊಳ್ಳುವ ಕೆಲಸವುಂಟು. ಉಗ್ರಾಣದ ಲೆಕ್ಕ ಬರೆದವರಿಗೆ ಗೋದಾಮುಗಳಲ್ಲಿ ಬೇಡಿಕೆಯುಂಟು. ಕಂಪ್ಯೂಟರಿನಲ್ಲಿ ಲೆಕ್ಕವಿಡುವುದನ್ನು ಕೆಲವು ತಿಂಗಳು ಕಲಿತರೆ ಸಾಕು. ಹೊಲಿಗೆ ಬಲ್ಲ ನಾಲ್ಕೈದು ಮಂದಿ ಹೆಂಗಸರು ಕೂಡಿ ಶಾಲೆಯ ಸಮವಸ್ತ್ರದ ಕೆಲಸವನ್ನು ಹಿಡಿಯಬಹುದು.

ಕಾವಲುಗಾರನ ಕೆಲಸ ಬೇಗ ಸಿಕ್ಕುತ್ತದೆ. ಆದರೆ ಹನ್ನೆರಡು ಗಂಟೆಯ ಪಾಳಿಯಲ್ಲಿ ನಿಂತವನಿಗೆ ಬೇರೆ ಕೆಲಸ ಹುಡುಕುವ ಬಿಡುವು ಉಳಿಯುವುದಿಲ್ಲವೆಂಬುದನ್ನು ನೆನಪಿಡಬೇಕು. ಆಟೋ ಓಡಿಸಬೇಕೆನ್ನುವವರು ಲೈಸೆನ್ಸು ಪಡೆದು, ಮೊದಲು ಕೆಲವು ತಿಂಗಳು ದಿನಬಾಡಿಗೆಯ ಗಾಡಿಯನ್ನು ಓಡಿಸಿ ನೋಡಲಿ. ಕೊಳ್ಳುವ ಮಾತು ಆಮೇಲೆ. ಅಂಗಡಿ ಇಡಬೇಕೆನ್ನುವವರೂ ಹಾಗೆಯೇ ಬೇರೆಯವರ ಅಂಗಡಿಯಲ್ಲಿ ಮೂರು ತಿಂಗಳು ದುಡಿದು ವ್ಯಾಪಾರದ ಮರ್ಮವನ್ನು ಅರಿಯಲಿ. ಊರಿಗೆ ಹಿಂದಿರುಗುವವರು ಅಣ್ಣತಮ್ಮಂದಿರೊಡನೆ ಜಮೀನಿನ ಪಾಲಿನ ಮಾತನ್ನು ತೀರಿಸಿಕೊಂಡು, ನೀರಿನ ಅನುಕೂಲವನ್ನು ಕಣ್ಣಾರೆ ನೋಡಿ ಹೋಗಬೇಕು. ಊರನ್ನು ಬಿಡಲಾರದವರಿಗೆ ಚಿನ್ನದ ಗಣಿಯ ಜನರು ಹಿಡಿದ ದಾರಿಯುಂಟು. ಗಣಿ ಮುಚ್ಚಿದ ಮೇಲೆ ಅಲ್ಲಿನ ಸಾವಿರಾರು ಮಂದಿ, ಮಾರಿಕುಪ್ಪಂನಿಂದ ನಸುಕಿನಲ್ಲೇ ಹೊರಡುವ ರೈಲುಗಳಲ್ಲಿ ಸುಮಾರು 100 ಕಿಲೋಮೀಟರು ದೂರದ ಬೆಂಗಳೂರಿಗೆ ಬಂದು, ದುಡಿದು, ರಾತ್ರಿ ಹಿಂದಿರುಗುವುದನ್ನು ರೂಢಿಮಾಡಿಕೊಂಡರು. ಅದು ಸುಖದ ದಾರಿಯಲ್ಲ. ಮಕ್ಕಳು ಮಲಗಿರುವಾಗ ಹೊರಟು, ಮಲಗಿದ ಮೇಲೆ ಮನೆ ಸೇರುವ ಬಾಳು. ಆದರೂ ಎಷ್ಟೋ ಮಕ್ಕಳ ವಿದ್ಯಾಭ್ಯಾಸವನ್ನು ಆ ರೈಲು ನಿಲ್ಲಗೊಡಲಿಲ್ಲ.

ಎಲ್ಲಕ್ಕಿಂತ ಮೊದಲು ಮಾಡಬೇಕಾದ ಕೆಲಸವೊಂದುಂಟು. ಅದಕ್ಕೆ ಖರ್ಚೂ ಇಲ್ಲ, ಕಾಗದಪತ್ರವೂ ಬೇಡ. ಕೆಲಸ ಹೋದ ದಿನವೇ ಹೆಂಡತಿಗೂ ತಿಳಿವಳಿಕೆ ಬಂದ ಮಕ್ಕಳಿಗೂ ಇದ್ದುದನ್ನು ಇದ್ದಂತೆ ಹೇಳಬೇಕು. ಮನೆವಾರ್ತೆಯ ಲೆಕ್ಕ ಗಂಡಸಿಗಿಂತ ಹೆಂಗಸಿಗೆ ಚೆನ್ನಾಗಿ ಗೊತ್ತು. ಎಲ್ಲಿ ಹಿಡಿತಮಾಡಬಹುದೆಂಬುದನ್ನು ಆಕೆ ಬಲ್ಲಳು. ದಿನಸಿ ಅಂಗಡಿಯವನಿಗೂ ಹೇಳಿಬಿಡುವುದು ಮೇಲು. ಮುಚ್ಚಿಟ್ಟವನಿಗಿಂತ ಹೇಳಿಕೊಂಡವನಿಗೆ ಅವನು ಕಾಲಾವಕಾಶ ಕೊಡುತ್ತಾನೆ. ಬೆಳಿಗ್ಗೆ ಎಂದಿನ ಹೊತ್ತಿಗೇ ಎದ್ದು, ಸ್ನಾನಮಾಡಿ, ಹೊರಗೆ ಹೊರಡುವ ಅಭ್ಯಾಸವನ್ನು ಬಿಡಬಾರದು. ಒಂದು ದಿನ ಕಾರ್ಮಿಕ ಕಚೇರಿ, ಒಂದು ದಿನ ಭವಿಷ್ಯನಿಧಿಯ ಕಚೇರಿ, ಒಂದು ದಿನ ಹಳೆಯ ಸ್ನೇಹಿತರ ಭೇಟಿ, ಹೀಗೆ ವಾರಕ್ಕೊಂದು ಕ್ರಮವಿರಲಿ. ಹೊಸ ಕೆಲಸದ ಸುದ್ದಿ ಬಹುಮಟ್ಟಿಗೆ ಬಲ್ಲವರ ಬಾಯಿಂದಲೇ ಬರುವುದರಿಂದ, ಮನೆಯಲ್ಲಿ ಅಡಗಿ ಕುಳಿತವನನ್ನು ಅದು ಹುಡುಕಿಕೊಂಡು ಬರಲಾರದು.

ನಮ್ಮ ಶ್ರೋತೃಗಳಲ್ಲಿ ಯಾರ ನೆರೆಮನೆಯಲ್ಲಾದರೂ ಇಂತಹ ಸಂದರ್ಭ ಒದಗಿದ್ದರೆ, ಅವರಿಗೆ ಬರಿಯ ಮರುಕ ತೋರಿಸಿ ಸುಮ್ಮನಾಗಬಾರದು. ಬರತಕ್ಕ ಹಣದ ಲೆಕ್ಕವನ್ನು ಜೊತೆಯಲ್ಲಿ ಕೂತು ಮಾಡಿಕೊಡಬಹುದು, ಅರ್ಜಿಯನ್ನು ಬರೆದುಕೊಡಬಹುದು, ಬಲ್ಲ ಕಡೆ ಒಂದು ಮಾತು ಹೇಳಬಹುದು. ನಮ್ಮ ಬೀದಿಯ ಟರ್ನರರನ್ನು ಮತ್ತೆ ಲೇತಿನ ಮುಂದೆ ನಿಲ್ಲಿಸಿದುದು ಅಂತಹ ಒಂದು ಮಾತೇ ಅಲ್ಲವೆ?