ಧಣಿ-ನೌಕರರ ತಿಂಗಳ ಮಾತುಕತೆ

ಪುಣೆ-ಲೋಣಾವಳಾ ಲೋಕಲ್ ಗಾಡಿಯಲ್ಲಿ ಓಡಾಡುವ ನಮ್ಮವರಿಗೆ ತಳೇಗಾಂವ ದಾಭಾಡೆ ಅಪರಿಚಿತವಲ್ಲ. ಈ ಊರಿನ ಹೋಟೆಲೊಂದರಲ್ಲಿ ಕೆಲವು ಕಾಲ ಲೆಕ್ಕ ಬರೆಯುತ್ತಿದ್ದಾಗ ಕಂಡ ಸಂಗತಿಯೊಂದನ್ನು ವಾಚಕರ ಮುಂದಿಡುತ್ತೇನೆ.

ನಾಲ್ಕು ವರ್ಷ ದುಡಿದ ಸಪ್ಲಾಯರ್ ಒಬ್ಬನು ಒಂದು ರಾತ್ರಿ ಯಾರಿಗೂ ಹೇಳದೆ ಪೆಟ್ಟಿಗೆ ಹೊತ್ತುಕೊಂಡು ಹೊರಟುಹೋದನು. ಬಾಕಿ ಪಗಾರವನ್ನೂ ಕೇಳಲಿಲ್ಲ. “ಉಪಕಾರಸ್ಮರಣೆ ಇಲ್ಲದವ” ಎಂದು ಧಣಿಗಳು ನೊಂದುಕೊಂಡರು. ನಿಜಸಂಗತಿ ಬೇರೆಯೇ ಆಗಿತ್ತು. ಊರಿನಲ್ಲಿ ತಂದೆ ಹಾಸಿಗೆ ಹಿಡಿದಿದ್ದರು. ರಜೆ ಕೇಳಲೆಂದು ಆ ಹುಡುಗನು ಮೂರು ಸಲ ಗಲ್ಲೆಯ ಬಳಿ ನಿಂತಿದ್ದುದನ್ನು ನಾನೇ ಕಂಡಿದ್ದೆ. “ಧಣೀ, ಒಂದು ಮಾತು...” ಎನ್ನುವಷ್ಟರಲ್ಲಿ ಗಿರಾಕಿಯು ಬಿಲ್ಲು ಚಾಚುತ್ತಿದ್ದನು. “ಮತ್ತೆ ನೋಡುವ” ಎಂಬ ಉತ್ತರವೇ ಮೂರು ಸಲವೂ ದೊರೆಯಿತು. ಧಣಿಗಳು ಕ್ರೂರಿಗಳಲ್ಲ, ಕೇಳುವುದಕ್ಕೆಂದು ಅವರಲ್ಲಿ ನಿಗದಿಯಾದ ಸಮಯವಿರಲಿಲ್ಲ, ಅಷ್ಟೆ.

ದೊಡ್ಡ ಸಂಸ್ಥೆಗಳಿಗೆ ಕಾನೂನು ಕೆಲವು ವ್ಯವಸ್ಥೆಗಳನ್ನು ಹೇಳಿದೆ. 1947ರ ಔದ್ಯೋಗಿಕ ವಿವಾದಗಳ ಕಾನೂನು ನೂರು ಅಥವಾ ಹೆಚ್ಚು ಕೆಲಸಗಾರರಿರುವಲ್ಲಿ ಉಭಯ ಪಕ್ಷಗಳ ಸಮಿತಿಗೆ ಅವಕಾಶವಿತ್ತಿತು. 2020ರ ಔದ್ಯೋಗಿಕ ಸಂಬಂಧಗಳ ಸಂಹಿತೆಯು ಇಪ್ಪತ್ತು ಅಥವಾ ಹೆಚ್ಚು ಮಂದಿಯಿರುವಲ್ಲಿ ಅಹವಾಲು ಪರಿಹಾರ ಸಮಿತಿ ಬೇಕೆನ್ನುತ್ತದೆ. ಎಂಟು-ಹತ್ತು ಜನರ ಹೋಟೆಲಿಗೆ ಇವೆರಡೂ ಎಟುಕುವುದಿಲ್ಲ. ಅಲ್ಲಿ ಧಣಿಯ ಕಿವಿಯೇ ಸಮಿತಿ.

ಅಮೆರಿಕದ ಶಿಕಾಗೋ ಬಳಿಯ ಹಾಥಾರ್ನ್ ಕಾರ್ಖಾನೆಯಲ್ಲಿ 1928ರಿಂದ 1930ರವರೆಗೆ ಇಪ್ಪತ್ತು ಸಾವಿರಕ್ಕೂ ಮಿಕ್ಕ ನೌಕರರನ್ನು ಒಬ್ಬೊಬ್ಬರನ್ನಾಗಿ ಮಾತನಾಡಿಸಲಾಯಿತು. ಮೊದಮೊದಲು ಗೊತ್ತಾದ ಪ್ರಶ್ನೆಗಳನ್ನೇ ಕೇಳುತ್ತಿದ್ದರು; ನೌಕರರಾದರೋ ಪ್ರಶ್ನೆಯನ್ನು ಬಿಟ್ಟು ತಮ್ಮ ಮನಸ್ಸಿನಲ್ಲಿದ್ದುದನ್ನು ಹೇಳತೊಡಗಿದರು. ಕೊನೆಗೆ ಪ್ರಶ್ನೆಗಳನ್ನು ಬದಿಗಿಟ್ಟು ಕಿವಿಗೊಡುವುದೇ ಕ್ರಮವಾಯಿತು.

ನಮ್ಮಲ್ಲಿಯೂ ಇದು ಅಸಾಧ್ಯವಲ್ಲ. ಮಧ್ಯಾಹ್ನದ ಊಟ ಮುಗಿದು ಸಂಜೆಯ ಚಹಾ ಆರಂಭವಾಗುವ ಮುನ್ನ, ತಿಂಗಳಿಗೊಮ್ಮೆ, ಪ್ರತಿಯೊಬ್ಬನಿಗೂ ಹದಿನೈದು ನಿಮಿಷ ಸಾಕು. ಅಡಿಗೆ ಭಟ್ಟರಿಂದ ಬಶಿ ತೊಳೆಯುವ ಹುಡುಗನವರೆಗೆ ಯಾರನ್ನೂ ಬಿಡಬಾರದು. ಧಣಿಯು ಗಲ್ಲೆಯಿಂದೆದ್ದು ಬೇರೆ ಮೇಜಿನಲ್ಲಿ ಕುಳಿತುಕೊಳ್ಳಲಿ. ಮೊದಲ ಮಾತು ನೌಕರನದಾಗಲಿ. ಒಪ್ಪಿದ್ದನ್ನು ಬರೆದಿಟ್ಟು, ಮುಂದಿನ ತಿಂಗಳು ಅದರಿಂದಲೇ ಆರಂಭಿಸಲಿ. ಕೊಡಲಾಗದ್ದನ್ನು ಆಗದೆಂದೇ ಹೇಳಲಿ. ಅದೂ ಒಂದು ಮರ್ಯಾದೆ.

ನೌಕರ ಬಾಂಧವರಿಗೂ ಒಂದು ಮಾತು. ರಜೆ, ಮುಂಗಡ, ಮಲಗುವ ಜಾಗ, ಕಲಿಯಬೇಕೆಂಬ ಆಸೆ ಇವನ್ನು ಮೊದಲೇ ಚೀಟಿಯಲ್ಲಿ ಗುರುತಿಟ್ಟುಕೊಂಡು ಹೋಗಬೇಕು. ಆ ಸಮಯವನ್ನು ಜೊತೆಯವರ ಮೇಲಿನ ಚಾಡಿಗೆ ಕಳೆಯಬಾರದು. ಧಣಿಯೂ ಅಲ್ಲಿ ಕೇಳಿದ ಗುಟ್ಟನ್ನು ನಾಳೆ ಗದರಿಸುವುದಕ್ಕೆ ಬಳಸಬಾರದು. ಒಮ್ಮೆ ಹಾಗಾಯಿತೆಂದರೆ ಎರಡನೆಯ ತಿಂಗಳು ಯಾರೂ ಬಾಯಿ ಬಿಡುವುದಿಲ್ಲ. ಈ ಮಾತುಕತೆಯು ನ್ಯಾಯವಾದ ಪಗಾರಕ್ಕಾಗಲಿ ಸಂಘಟನೆಗಾಗಲಿ ಬದಲಿಯಲ್ಲವೆಂಬುದನ್ನೂ ಉಭಯರು ನೆನಪಿಡಬೇಕು.

ಇದೇ ತಳೇಗಾಂವದಲ್ಲಿ 1908ರಲ್ಲಿ ಪೈಸಾ ಫಂಡ್ ಗಾಜಿನ ಕಾರ್ಖಾನೆ ಹುಟ್ಟಿತು. ಜನರಿಂದ ಒಂದೊಂದೇ ಪೈಸೆ ಕೂಡಿಸಿ ಸ್ವದೇಶೀ ಉದ್ಯಮ ಕಟ್ಟಬಹುದೆಂದು ಅಂತಾಜಿ ದಾಮೋದರ ಕಾಳೆಯವರು ನಂಬಿದರು. ಲೋಕಮಾನ್ಯ ತಿಲಕರು ಬೆಂಬಲವಿತ್ತರು. ಪೈಸೆ ಪೈಸೆ ಕೂಡಿ ಗಾಜಿನ ಕುಲುಮೆ ಉರಿಯಿತು. ತಿಂಗಳಿಗೆ ಹದಿನೈದು ನಿಮಿಷವೂ ಅಂತಹ ಪೈಸೆಯೇ. ಅಷ್ಟನ್ನು ಕೂಡಿಸಿದ್ದರೆ ಆ ಹುಡುಗನು ರಾತ್ರಿ ಪೆಟ್ಟಿಗೆ ಹೊತ್ತು ಹೋಗುತ್ತಿರಲಿಲ್ಲ; ಹಗಲಿನಲ್ಲಿ ಹೇಳಿ ಹೋಗಿ, ತಂದೆಯನ್ನು ನೋಡಿಕೊಂಡು ಮರಳಿ ಬರುತ್ತಿದ್ದನು.