ಚೈನ್‌ಸಾ ಯಂತ್ರದ ಬಾರ್ ಆಯಿಲ್ ಸೋರಿಕೆ: ಪತ್ತೆ ಹಚ್ಚುವ ಹಾಗೂ ಸರಿಪಡಿಸುವ ಕ್ರಮ

ಬೆಳಗಾವಿ–ವೆಂಗುರ್ಲಾ ರಸ್ತೆಯು ಹಿಂಡಲಗಾ ಗ್ರಾಮದ ಮೂಲಕ ಪಶ್ಚಿಮಕ್ಕೆ ಸಾಗುತ್ತದೆ. ಮುಂಗಾರಿನ ತಿಂಗಳುಗಳಲ್ಲಿ ಈ ಭಾಗದಲ್ಲಿಯೂ, ಮಳೆಯ ಪ್ರಮಾಣ ಇನ್ನೂ ಹೆಚ್ಚಿರುವ ಖಾನಾಪುರ ತಾಲ್ಲೂಕಿನ ಕಣಕುಂಬಿ ಸೀಮೆಯಲ್ಲಿಯೂ ಗಾಳಿ-ಮಳೆಗೆ ಮರಗಳು ರಸ್ತೆಗೆ ಉರುಳುವುದು ಸದಸ್ಯರೆಲ್ಲರೂ ಬಲ್ಲ ಸಂಗತಿ. ನಡುರಾತ್ರಿ ಜಿಲ್ಲಾ ಆಸ್ಪತ್ರೆಗೆ ಹೊರಟ ವಾಹನವು ಬಿದ್ದ ಮರದ ಮುಂದೆ ನಿಂತಾಗ, ಉಗ್ರಾಣದಲ್ಲಿರುವ ಚೈನ್‌ಸಾ ಕೆಲಸ ಮಾಡುವ ಸ್ಥಿತಿಯಲ್ಲಿದೆಯೇ ಎಂಬುದೊಂದೇ ಪ್ರಶ್ನೆ ಉಳಿಯುತ್ತದೆ.

ಈ ಯಂತ್ರದ ಬಗ್ಗೆ ಸಾಮಾನ್ಯವಾಗಿ ಕೇಳಿಬರುವ ದೂರು "ಕೆಳಗೆ ಎಣ್ಣೆ ಸೋರುತ್ತದೆ" ಎಂಬುದು. ಇದಕ್ಕೆ ಎರಡು ತಪ್ಪು ಪರಿಹಾರಗಳು ರೂಢಿಯಲ್ಲಿವೆ. ಒಂದು, ಹೇಗಿದ್ದರೂ ಸೋರುತ್ತದೆ ಎಂದು ಎಣ್ಣೆ ಹಾಕದೆಯೇ ಯಂತ್ರವನ್ನು ನಡೆಸುವುದು. ಮತ್ತೊಂದು, ಸೋರುವ ಜಾಗ ಯಾವುದೆಂದು ನೋಡದೆ ಪಂಪನ್ನೋ ಇಡೀ ಯಂತ್ರವನ್ನೋ ಬದಲಿಸಲು ಬಿಲ್ಲು ಮಂಡಿಸುವುದು. ಮೊದಲನೆಯದರಿಂದ ಕೆಲಸಗಾರನಿಗೆ ಅಪಾಯ; ಎರಡನೆಯದರಿಂದ ಪಂಚಾಯತಿಯ ನಿಧಿಗೆ ನಷ್ಟ. ಸೋರುವ ಜಾಗವನ್ನು ಖಚಿತಪಡಿಸಿಕೊಂಡ ನಂತರವೇ ದುರಸ್ತಿಗೆ ಒಪ್ಪಿಗೆ ನೀಡುವುದು ಸೂಕ್ತ.

ಎಣ್ಣೆಯ ದಾರಿ

ಚೈನ್‌ಸಾದಲ್ಲಿ ಎರಡು ಟ್ಯಾಂಕುಗಳಿರುತ್ತವೆ. ಒಂದರಲ್ಲಿ ಪೆಟ್ರೋಲ್ ಮತ್ತು ಟೂ-ಟಿ ಆಯಿಲ್ ಬೆರೆಸಿದ ಇಂಧನ. ಇನ್ನೊಂದರಲ್ಲಿ ಚೈನಿಗೆ ಬೇಕಾದ ಎಣ್ಣೆ. ಎರಡನೆಯ ಟ್ಯಾಂಕಿನ ಎಣ್ಣೆಯು ಸಣ್ಣ ಜಾಲರಿ ಹಾಗೂ ರಬ್ಬರ್ ನಳಿಕೆಯ ಮೂಲಕ ಪಂಪಿಗೆ ಬರುತ್ತದೆ. ಎಂಜಿನ್ನಿನಿಂದ ತಿರುಗುವ ಈ ಪಂಪು, ಚೈನು ಸುತ್ತುವ ಉದ್ದನೆಯ ಉಕ್ಕಿನ ಪಟ್ಟಿಯ, ಅಂದರೆ ಬಾರಿನ, ಬುಡದಲ್ಲಿರುವ ಸಣ್ಣ ರಂಧ್ರಕ್ಕೆ ಎಣ್ಣೆಯನ್ನು ಒತ್ತುತ್ತದೆ. ಅಲ್ಲಿಂದ ಎಣ್ಣೆಯು ಬಾರಿನ ಅಂಚಿನ ಗಾಡಿಗೆ ಇಳಿದು, ಓಡುವ ಚೈನಿನೊಡನೆ ತುದಿಯವರೆಗೂ ಸಾಗುತ್ತದೆ.

ಈ ಎಣ್ಣೆ ಮರಳಿ ಟ್ಯಾಂಕಿಗೆ ಬರುವುದಿಲ್ಲ. ಮರಕ್ಕೂ ನೆಲಕ್ಕೂ ಸಿಡಿದು ಮುಗಿಯುತ್ತದೆ. ಆದಕಾರಣ ಕೆಲಸ ನಿಲ್ಲಿಸಿದ ಮೇಲೆ ಗಾಡಿಯಲ್ಲಿಯೂ ಹೊಟ್ಟಿನಲ್ಲಿಯೂ ಉಳಿದ ಎಣ್ಣೆ ಕೆಲವು ಹನಿ ತೊಟ್ಟಿಕ್ಕುವುದು ಸಹಜ. ಒರೆಸಿಟ್ಟ ಯಂತ್ರದ ಕೆಳಗೆ ಮರುದಿನವೂ ಎಣ್ಣೆ ಮಡುಗಟ್ಟಿದ್ದರೆ ಮಾತ್ರ ಅದನ್ನು ಸೋರಿಕೆ ಎಂದು ಪರಿಗಣಿಸಬೇಕು.

ಮೊದಲ ಪರೀಕ್ಷೆ: ಸೋರುತ್ತಿರುವುದು ಯಾವುದು?

ಬಿದ್ದ ಹನಿಯನ್ನು ಬೆರಳಿನಲ್ಲಿ ಉಜ್ಜಿ ನೋಡಬೇಕು. ಚೈನ್ ಆಯಿಲ್ ಅಂಟಂಟಾಗಿದ್ದು ಹಾಗೆಯೇ ಉಳಿಯುತ್ತದೆ. ಇಂಧನವಾಗಿದ್ದರೆ ಪೆಟ್ರೋಲಿನ ವಾಸನೆ ಇದ್ದು ಬಹುಭಾಗ ಬೇಗನೆ ಆರಿಹೋಗುತ್ತದೆ. ಸೋರುತ್ತಿರುವುದು ಇಂಧನವೆಂದು ಕಂಡುಬಂದಲ್ಲಿ ಬೆಂಕಿಯ ಅಪಾಯವಿರುವುದರಿಂದ ಯಂತ್ರವನ್ನು ಚಾಲೂ ಮಾಡದೆ ನೇರವಾಗಿ ಮೆಕ್ಯಾನಿಕ್‌ಗೆ ಒಪ್ಪಿಸಬೇಕು.

ಜಾಗವನ್ನು ಹುಡುಕುವ ಕ್ರಮ

1. ಎಂಜಿನ್ ಆರಿಸಿ, ತಣ್ಣಗಾದ ಮೇಲೆ ಸ್ಪಾರ್ಕ್ ಪ್ಲಗ್ಗಿನ ಕ್ಯಾಪ್ ಕಳಚಬೇಕು. ದಪ್ಪ ಕೈಗವಸು ಧರಿಸಬೇಕು.

2. ಪಕ್ಕದ ಕವರ್, ಬಾರ್ ಹಾಗೂ ಚೈನನ್ನು ಬಿಚ್ಚಿ, ಎಣ್ಣೆ ಕುಡಿದ ಹೊಟ್ಟನ್ನೆಲ್ಲ ಬ್ರಷ್ಷಿನಿಂದ ತೆಗೆದು ಒಣಬಟ್ಟೆಯಲ್ಲಿ ಒರೆಸಬೇಕು. ಹೊಟ್ಟು ಉಳಿದಿದ್ದರೆ ಹಳೆಯ ಎಣ್ಣೆಯೇ ಹೊಸ ಸೋರಿಕೆಯಂತೆ ಕಾಣುತ್ತದೆ.

3. ಎಣ್ಣೆಯ ಟ್ಯಾಂಕನ್ನು ಅರ್ಧ ತುಂಬಿಸಿ, ಮುಚ್ಚಳ ಬಿಗಿದು, ಸುತ್ತಲೂ ಒರೆಸಬೇಕು. ಅನುಮಾನವಿರುವ ಸಂದುಗಳ ಹೊರಭಾಗದಲ್ಲಿ ಮುಖಕ್ಕೆ ಹಚ್ಚುವ ಪೌಡರನ್ನು ತೆಳುವಾಗಿ ಉದುರಿಸಿದರೆ, ಮೊದಲು ಒದ್ದೆಯಾಗುವ ಜಾಗ ಎದ್ದು ಕಾಣುತ್ತದೆ. ಗಾಳಿ ಎಳೆದುಕೊಳ್ಳುವ ಭಾಗಕ್ಕೆ ಪೌಡರ್ ತಾಗಬಾರದು.

4. ನೆರಳಿನಲ್ಲಿ ಬಿಳಿ ಕಾಗದದ ಮೇಲೆ ಯಂತ್ರವನ್ನು ನೇರವಾಗಿ ಇಟ್ಟು ಅರ್ಧ ಗಂಟೆಯ ನಂತರ ಒಮ್ಮೆ, ಮರುದಿನ ಬೆಳಿಗ್ಗೆ ಒಮ್ಮೆ ನೋಡಬೇಕು. ಏನೂ ಕಾಣದಿದ್ದಲ್ಲಿ ಪಕ್ಕಕ್ಕೆ ಮಲಗಿಸಿ ಇದನ್ನೇ ಪುನರಾವರ್ತಿಸಬೇಕು.

ಕಾರಣ ಮತ್ತು ಪರಿಹಾರ

ಮುಚ್ಚಳದ ಸುತ್ತ ಒದ್ದೆಯಾಗಿದ್ದರೆ: ಮುಚ್ಚಳದ ರಬ್ಬರ್ ಉಂಗುರ ಗಡುಸಾಗಿರುತ್ತದೆ, ಇಲ್ಲವೇ ಹೊಟ್ಟು ಸಿಕ್ಕಿಕೊಂಡು ಮುಚ್ಚಳ ಓರೆಯಾಗಿ ಕುಳಿತಿರುತ್ತದೆ. ಒರೆಸಿ ಸರಿಯಾಗಿ ಕೂರಿಸಬೇಕು. ಆಗಲೂ ನಿಲ್ಲದಿದ್ದರೆ ಉಂಗುರವನ್ನಷ್ಟೇ ಬದಲಿಸಿದರೆ ಸಾಕು.

ಬಿಸಿಲಿನಲ್ಲಿ ಸೋರಿ, ತಣ್ಣಗಾದಾಗ ನಿಂತರೆ: ಟ್ಯಾಂಕಿನೊಳಗಿನ ಗಾಳಿ ಕಾದು ಹಿಗ್ಗಿ ಎಣ್ಣೆಯನ್ನು ಪಂಪಿನ ದಾರಿಯಿಂದ ಹೊರದೂಡುತ್ತಿದೆ ಎಂದು ತಿಳಿಯಬೇಕು. ಟ್ರ್ಯಾಕ್ಟರ್ ಟ್ರಾಲಿಯಲ್ಲಿ ಬಿಸಿಲಿಗೆ ಬಿಟ್ಟ ಯಂತ್ರದಲ್ಲಿ ಇದು ಕಾಣುತ್ತದೆ. ಮುಚ್ಚಳವನ್ನು ತುಸು ಸಡಿಲಿಸಿ ಮತ್ತೆ ಬಿಗಿದಾಗ ಹನಿ ನಿಂತರೆ ಕಾರಣ ಇದೇ ಆಗಿರುತ್ತದೆ. ಯಂತ್ರವನ್ನು ನೆರಳಿನಲ್ಲಿಡುವುದೇ ಪರಿಹಾರ.

ಕ್ಲಚ್ಚಿನ ಹಿಂಬದಿಯಿಂದ ಇಳಿಯುತ್ತಿದ್ದರೆ: ರಬ್ಬರ್ ನಳಿಕೆ ಟ್ಯಾಂಕಿಗೆ ಸೇರುವಲ್ಲಿ ಬಿರಿದಿರಬಹುದು, ಇಲ್ಲವೇ ಪಂಪಿನ ಸೀಲು ಸವೆದಿರಬಹುದು. ನಳಿಕೆಗೆ ಟೇಪು ಸುತ್ತಿದರೆ ಎಣ್ಣೆಯಲ್ಲಿ ಅದು ನಿಲ್ಲದು. ಹೊಸ ನಳಿಕೆಯನ್ನೇ ಹಾಕಬೇಕು. ಕ್ಲಚ್ಚನ್ನು ಬಿಚ್ಚುವ ಕೆಲಸ ಮೆಕ್ಯಾನಿಕ್‌ಗೆ ಸೇರಿದ್ದು. ಬಹುತೇಕ ಯಂತ್ರಗಳಲ್ಲಿ ಅದರ ತಿರುಪು ಎಡಮುರಿಯಾಗಿದ್ದು, ತಿಳಿಯದೆ ಬಲವಂತ ಮಾಡಿದರೆ ಮುರಿಯುವ ಸಂಭವವಿರುತ್ತದೆ.

ಟ್ಯಾಂಕಿನ ತಳ ಬಿರಿದಿದ್ದರೆ: ಎಣ್ಣೆ ಕುಡಿದ ಪ್ಲಾಸ್ಟಿಕ್ಕಿಗೆ ಅಂಟು ಬಾಳಿಕೆ ಬರುವುದಿಲ್ಲ. ಆ ಭಾಗವನ್ನೇ ಬದಲಿಸಬೇಕು. ದೊಡ್ಡ ವೆಚ್ಚದ ಪ್ರಶ್ನೆ ಬರುವುದು ಮುಖ್ಯವಾಗಿ ಇಂತಹ ಪ್ರಕರಣದಲ್ಲಿ.

ಹೆಚ್ಚು ಗಮನ ಬೇಡುವ ಪ್ರಕರಣ

ಬಾರನ್ನು ಕಳಚಿಟ್ಟಾಗ ಎಲ್ಲಿಯೂ ಸೋರದೆ, ಜೋಡಿಸಿ ನಡೆಸಿದಾಗ ಮಾತ್ರ ಯಂತ್ರದ ಕೆಳಗೆ ಎಣ್ಣೆ ಸುರಿಯುವುದುಂಟು. ಇಲ್ಲಿ ಪಂಪು, ನಳಿಕೆ, ಟ್ಯಾಂಕು ಎಲ್ಲವೂ ಸರಿಯಿದ್ದು, ಬಾರಿನ ಎಣ್ಣೆರಂಧ್ರ ಅಥವಾ ಗಾಡಿ ಹೊಟ್ಟಿನಿಂದ ಮುಚ್ಚಿರುವ ಸಾಧ್ಯತೆ ಹೆಚ್ಚು. ಬಾರಿನೊಳಗೆ ಹೋಗಲಾರದ ಎಣ್ಣೆ ಸಂದಿನಿಂದ ಹೊರಬೀಳುತ್ತದೆ. ಅಂದರೆ ನೆಲದ ಮೇಲೆ ಎಣ್ಣೆ ಇರುತ್ತದೆ, ಚೈನು ಒಣಗಿರುತ್ತದೆ. ಒಣಚೈನು ಕಾದು ಹಿಗ್ಗಿ ಸಡಿಲಗೊಳ್ಳುತ್ತದೆ, ಬಾರಿನ ಅಂಚನ್ನು ತಿನ್ನುತ್ತದೆ. ಕಳಚಿ ಅಥವಾ ತುಂಡಾಗಿ ಕೆಲಸಗಾರನತ್ತ ಬೀಸುವ ಅಪಾಯವೂ ಇದೆ.

ಇದರ ಪರಿಹಾರಕ್ಕೆ ಹಣ ಬೇಕಿಲ್ಲ. ತೆಳುವಾದ ತಂತಿಯಿಂದ ರಂಧ್ರವನ್ನೂ ಗಾಡಿಯನ್ನೂ ಬಿಡಿಸಿ, ಬಾರಿನ ರಂಧ್ರವು ಯಂತ್ರದ ಎಣ್ಣೆದ್ವಾರಕ್ಕೆ ಸರಿಯಾಗಿ ಹೊಂದುವಂತೆ ಜೋಡಿಸಬೇಕು. ಬೇರೆ ಮಾದರಿಯ ಬಾರ್ ಹಾಕಿದ್ದರೆ ಈ ಹೊಂದಾಣಿಕೆ ತಪ್ಪಿರಬಹುದು. ಎಣ್ಣೆಯ ಪ್ರಮಾಣವನ್ನು ನಿಯಂತ್ರಿಸುವ ತಿರುಪು ಇರುವ ಯಂತ್ರಗಳಲ್ಲಿ, ಅದನ್ನು ತಗ್ಗಿಸಿ ಸೋರಿಕೆಯನ್ನು ಮರೆಮಾಚಬಾರದು.

ದುರಸ್ತಿಯ ನಂತರದ ಪರೀಕ್ಷೆ

ಎಲ್ಲವನ್ನೂ ಮರಳಿ ಜೋಡಿಸಿದ ಮೇಲೆ ಯಂತ್ರವನ್ನು ಚಾಲೂ ಮಾಡಿ, ಬಾರಿನ ತುದಿಯನ್ನು ತಿಳಿಬಣ್ಣದ ಮೇಲ್ಮೈಯಿಂದ ಸುಮಾರು 20 ಸೆಂ.ಮೀ. ದೂರದಲ್ಲಿ ಹಿಡಿದು, ಮುಕ್ಕಾಲು ವೇಗದಲ್ಲಿ ಒಂದು ನಿಮಿಷ ನಡೆಸಬೇಕು. ಮೇಲ್ಮೈಯಲ್ಲಿ ಎಣ್ಣೆಯ ಗೆರೆ ಮೂಡಿದರೆ ಚೈನಿಗೆ ಎಣ್ಣೆ ತಲುಪುತ್ತಿದೆ ಎಂದರ್ಥ. ಚೈನು ನೆಲಕ್ಕೆ ತಾಗಬಾರದು; ಎದುರಿಗೆ ಯಾರೂ ನಿಲ್ಲಬಾರದು.

ಟ್ಯಾಂಕಿಗೆ ಚೈನ್ ಆಯಿಲನ್ನೇ ಹಾಕಬೇಕು. ವಾಹನಗಳಿಂದ ತೆಗೆದ ಹಳೆಯ ಎಂಜಿನ್ ಆಯಿಲಿನಲ್ಲಿರುವ ಲೋಹದ ಕಣಗಳು ಪಂಪನ್ನು ಸವೆಸುತ್ತವೆ. ಅದು ಚರ್ಮಕ್ಕೂ ಹಾನಿಕರ. ಸಿಡಿದ ಎಣ್ಣೆಯೆಲ್ಲ ಕೊನೆಗೆ ಮಣ್ಣು ಸೇರುವುದರಿಂದ ಬಾವಿಕಟ್ಟೆ, ಹಳ್ಳ ಹಾಗೂ ಮಾರ್ಕಂಡೇಯ ನದಿಯ ದಂಡೆಯ ಬಳಿ ಯಂತ್ರವನ್ನು ತೊಳೆಯುವುದಾಗಲಿ ಎಣ್ಣೆ ಬದಲಿಸುವುದಾಗಲಿ ಸಲ್ಲದು.

ಸದಸ್ಯರು ಕೇಳಬೇಕಾದ ಪ್ರಶ್ನೆಗಳು

ದುರಸ್ತಿಯ ಬಿಲ್ಲು ಸಭೆಯ ಮುಂದೆ ಬಂದಾಗ ಮೂರು ಪ್ರಶ್ನೆ ಕೇಳಿದರೆ ಸಾಕು. ಬಾರ್ ಕಳಚಿ ಪರೀಕ್ಷಿಸಲಾಗಿದೆಯೇ? ಸೋರುವ ಜಾಗ ಯಾವುದೆಂದು ಬರೆದಿಡಲಾಗಿದೆಯೇ? ಬದಲಿಸಿದ ಹಳೆಯ ಬಿಡಿಭಾಗವನ್ನು ಹಿಂದಿರುಗಿಸಲಾಗಿದೆಯೇ?

ಯಂತ್ರದ ದಾಖಲೆ ಪುಸ್ತಕದಲ್ಲಿ ಪ್ರತಿ ಬಾರಿ ಹಾಕಿದ ಇಂಧನ ಮತ್ತು ಚೈನ್ ಆಯಿಲನ್ನು ಅಕ್ಕಪಕ್ಕದ ಎರಡು ಕಾಲಂಗಳಲ್ಲಿ ನಮೂದಿಸುವುದು ಉಪಯುಕ್ತ. ಒಂದು ಟ್ಯಾಂಕ್ ಇಂಧನ ಮುಗಿಯುವಷ್ಟರಲ್ಲಿ ಎಣ್ಣೆಯ ಟ್ಯಾಂಕಿನಲ್ಲಿಯೂ ಸ್ವಲ್ಪವೇ ಉಳಿದಿರಬೇಕು. ಎಣ್ಣೆ ಬಹಳ ಮೊದಲೇ ಖಾಲಿಯಾದರೆ ಅದು ಎಲ್ಲಿಯೋ ಸೋರುತ್ತಿದೆ. ತುಂಬಿದಂತೆಯೇ ಉಳಿದರೆ ಚೈನಿಗೆ ತಲುಪುತ್ತಿಲ್ಲ. ಎರಡನೆಯದು ಕಂಡ ದಿನವೇ ಯಂತ್ರವನ್ನು ಕೆಲಸದಿಂದ ಹಿಂತೆಗೆದುಕೊಳ್ಳತಕ್ಕದ್ದು. ಈ ಪರಿಶೀಲನೆಯನ್ನು ಮೇ ತಿಂಗಳೊಳಗೆ ಮುಗಿಸಿದರೆ, ಜೂನ್‌ನ ಮೊದಲ ಗಾಳಿ-ಮಳೆಗೆ ಮರ ಬಿದ್ದ ರಾತ್ರಿ ಯಂತ್ರ ಸಿದ್ಧವಾಗಿರುತ್ತದೆ. ಅದನ್ನು ಹಿಡಿದ ಕೆಲಸಗಾರನೂ ಸುರಕ್ಷಿತವಾಗಿ ಮನೆಗೆ ಮರಳುತ್ತಾನೆ.